ಹೆಸರಿಗೊಂದು ಸಾಲು

ಕೊಯಮತ್ತೂರಿನ ಅವಿನಾಶಿ ರಸ್ತೆಯಲ್ಲಿ ಪೀಳಮೇಡಿನ ಕಡೆಗೆ ಹೋಗುವ ಬಸ್ಸನ್ನು ಹತ್ತಿದವರಿಗೆ, ಕಂಡಕ್ಟರನು ‘ನವ ಇಂಡಿಯಾ’ ಎಂದು ಕೂಗುವ ನಿಲ್ದಾಣವೊಂದು ಪರಿಚಿತವಾದುದೇ ಆಗಿರುತ್ತದೆ. ಆದರೆ ಅಲ್ಲಿ ದಿನವೂ ಇಳಿದು ಏರುವ ವಿದ್ಯಾರ್ಥಿಗಳಲ್ಲಾಗಲಿ, ಕಾರ್ಖಾನೆಯ ಕೆಲಸಗಾರರಲ್ಲಾಗಲಿ, ಅದು ಒಂದು ಕಾಲಕ್ಕೆ ಈ ಊರಿನಿಂದ ಹೊರಡುತ್ತಿದ್ದ ತಮಿಳು ದಿನಪತ್ರಿಕೆಯ ಹೆಸರೆಂಬುದನ್ನು ಬಲ್ಲವರು ಇಂದು ವಿರಳ. ಪತ್ರಿಕೆ ನಿಂತುಹೋಯಿತು, ಅದನ್ನು ಓದಿದವರಲ್ಲಿ ಹೆಚ್ಚಿನವರು ಕಾಲವಶರಾದರು, ನಿಲ್ದಾಣಕ್ಕೆ ಹೆಸರು ಮಾತ್ರ ಉಳಿದುಕೊಂಡಿತು. ಆ ದಾರಿಯಲ್ಲಿ ಹೋಗುವಾಗಲೆಲ್ಲ ನನ್ನ ಮನಸ್ಸಿಗೆ ಬರುವ ಯೋಚನೆ ಒಂದೇ: ಒಂದು ಊರಿನ ಪತ್ರಿಕೆ ತನ್ನ ಆಯುಷ್ಯದಲ್ಲಿ ಅಚ್ಚುಹಾಕುವ ಲಕ್ಷಾಂತರ ಸಾಲುಗಳಲ್ಲಿ ನಿಜವಾಗಿ ಯಾರ ಮನೆಯಲ್ಲಿ, ಯಾವ ಸಾಲು ಉಳಿಯುತ್ತದೆ? ಸಂಪಾದಕೀಯವನ್ನು ಕತ್ತರಿಸಿ ಪೆಟ್ಟಿಗೆಯಲ್ಲಿಟ್ಟುಕೊಂಡವರನ್ನು ನಾನು ಹೆಚ್ಚಾಗಿ ಕಂಡಿಲ್ಲ; ಮಗನ ಅಥವಾ ಮಗಳ ಹೆಸರು ಬಂದ ಎರಡಂಗುಲದ ತುಣುಕನ್ನು ಪಡಿತರ ಚೀಟಿಯ ಜೊತೆಗೆ, ಮನೆಯ ಪತ್ರಗಳ ಜೊತೆಗೆ ಜೋಪಾನ ಮಾಡಿದ ಬಹಳ ಮಂದಿಯನ್ನು ಕಂಡಿದ್ದೇನೆ.

ಕೇಂದ್ರ ಸರ್ಕಾರದ ಜಾಹೀರಾತು ನೀತಿಯ ಲೆಕ್ಕದಲ್ಲಿ 25,000 ಪ್ರತಿಗಳವರೆಗಿನ ಪ್ರಸಾರವುಳ್ಳದ್ದು ಸಣ್ಣ ಪತ್ರಿಕೆ, 75,000ದವರೆಗಿನದು ಮಧ್ಯಮ, ಅದಕ್ಕೂ ಮೇಲಿನದು ದೊಡ್ಡದು. ಪ್ರಸಾರದ ಸಂಖ್ಯೆಯಿಂದ ಪತ್ರಿಕೆಯನ್ನು ಅಳೆಯುವುದು ಸರ್ಕಾರಕ್ಕೆ ಅನಿವಾರ್ಯವಿರಬಹುದು. ಆದರೆ ಓದುಗನ ಪಾಲಿಗೆ ಸಣ್ಣ ಪತ್ರಿಕೆಯೆಂದರೆ ತನ್ನ ಹೆಸರು ಬರಲು ಸಾಧ್ಯವಿರುವ ಪತ್ರಿಕೆ. ಆ ಸಾಧ್ಯತೆ ಮೊಟ್ಟಮೊದಲ ಬಾರಿಗೆ ಎದುರಾಗುವುದು ಪ್ರಾಯಶಃ ಹದಿನಾಲ್ಕು ಹದಿನೈದರ ವಯಸ್ಸಿನಲ್ಲಿ, ಶಾಲೆಯ ಮೈದಾನದಲ್ಲಿ. ಈ ದೃಷ್ಟಿಯಿಂದ ನೋಡಿದಾಗ, ಹೈಸ್ಕೂಲು ಮಕ್ಕಳ ಆಟೋಟಗಳಿಗೆ ಪತ್ರಿಕೆಗಳು ಸ್ಥಳವನ್ನು ಹಂಚುವ ಕ್ರಮ ಅತ್ಯಂತ ಗಂಭೀರವಾದ ಪ್ರಶ್ನೆಯೆಂದು ನಾನು ಭಾವಿಸುತ್ತೇನೆ. ಸ್ಥಳವೇ ಇಲ್ಲವೆಂದು ಸಂಪಾದಕರು ಹೇಳುತ್ತಾರೆ. ನಾನೂ ಬಹುಕಾಲ ಹಾಗೆಯೇ ಹೇಳಿದವನು. ಈಗ ನನಗೆ ತೋರುವುದು ಬೇರೆ: ಸ್ಥಳವಿದೆ, ಆದರೆ ಅದು ಆಡಿದ ಮಕ್ಕಳಿಗೆ ಸಲ್ಲುವ ಮೊದಲೇ ಇತರರಿಗೆ ಸಂದುಹೋಗುತ್ತಿದೆ.

ನನ್ನ ಮನೆಮಾತು ಕನ್ನಡ. ಈ ಪ್ರಾಂತದ ದೇವಾಂಗ ಮನೆತನಗಳಲ್ಲಿ ಅನೇಕರು ಇಂದಿಗೂ ಮನೆಯಲ್ಲಿ ಕನ್ನಡವಾಡಿ, ಬೀದಿಯಲ್ಲಿ ತಮಿಳಾಡಿ, ತಮಿಳಿನಲ್ಲೇ ಓದಿ ಬರೆಯುವಂತೆ ನಾವೂ ಬೆಳೆದೆವು. ಕನ್ನಡದ ಅಕ್ಷರಗಳನ್ನು ತಂದೆ ಮನೆಯಲ್ಲಿಯೇ ತಿದ್ದಿಸಿದರು. ಜೀವನೋಪಾಯಕ್ಕಾಗಿ ಕೆಲವು ವರ್ಷ ಒಂದು ಸಣ್ಣ ದಿನಪತ್ರಿಕೆಯಲ್ಲಿ ಉಪಸಂಪಾದಕನಾಗಿದ್ದು ಜಿಲ್ಲಾ ಪುಟಗಳನ್ನು ಕಟ್ಟುವ ಕೆಲಸ ಮಾಡಿದೆ. ಆ ಕಾಲದ ಒಂದು ರಾತ್ರಿಯನ್ನು ಇಲ್ಲಿ ಹೇಳದೆ ಮುಂದಕ್ಕೆ ಹೋಗಲಾರೆ.

ಕಂದಾಯ ಜಿಲ್ಲಾ ಮಟ್ಟದ ಶಾಲಾ ಕ್ರೀಡಾಕೂಟ ಅಂದು ಮುಗಿದಿತ್ತು. ದೈಹಿಕ ಶಿಕ್ಷಕರೊಬ್ಬರು ಫಲಿತಾಂಶದ ಹಾಳೆಗಳನ್ನು ಸೈಕಲ್ಲಿನಲ್ಲಿ ತಂದುಕೊಟ್ಟು, ಬೆವರೊರೆಸಿಕೊಂಡು, ಒಂದು ಲೋಟ ನೀರು ಕುಡಿದು ಹೋಗಿದ್ದರು. ಪಟ್ಟಿಯನ್ನು ನಾನೇ ತಿದ್ದಿ, ಅಚ್ಚುಜೋಡಿಸಲು ಕೊಟ್ಟು, ಪುಟದ ಬಲಭಾಗದಲ್ಲಿ ಎರಡು ಕಾಲಂ ಸ್ಥಳ ಕಾಯ್ದಿರಿಸಿದ್ದೆ. ರಾತ್ರಿ ಒಂಬತ್ತೂವರೆಯ ಹೊತ್ತಿಗೆ ಒಂದು ಶ್ರದ್ಧಾಂಜಲಿಯ ಜಾಹೀರಾತು ಬಂದಿತು. ಊರಿನ ಹಿರಿಯರೊಬ್ಬರು ಆ ಸಂಜೆ ತೀರಿಕೊಂಡಿದ್ದರು. ಬೆಳಗಾಗುವಷ್ಟರಲ್ಲಿ ಬಂಧುಬಳಗಕ್ಕೆಲ್ಲ ಸುದ್ದಿ ಮುಟ್ಟಬೇಕಾಗಿತ್ತು. ಅದನ್ನು ನಿರಾಕರಿಸುವುದು ಸಾಧ್ಯವೂ ಇರಲಿಲ್ಲ, ಧರ್ಮವೂ ಆಗಿರಲಿಲ್ಲ. ಪತ್ರಿಕಾಲಯದಲ್ಲಿ ಕಾಪಿಯನ್ನು ಕೆಳಗಿನಿಂದ ಕತ್ತರಿಸುವುದು ರೂಢಿ. ಮುಖ್ಯವಾದುದು ಮೇಲಿರುತ್ತದೆ, ಅಮುಖ್ಯವಾದುದು ಕೆಳಗಿರುತ್ತದೆ ಎಂಬುದು ಅದರ ತರ್ಕ. ನಾನು ಆ ರೂಢಿಯಂತೆ ಕೆಳಗಿನಿಂದ ಕತ್ತರಿಸಿದೆ. ಪಟ್ಟಿಯಲ್ಲಿ ಬಾಲಕರ ವಿಭಾಗ ಮೇಲಿತ್ತು, ಬಾಲಕಿಯರ ವಿಭಾಗ ಕೆಳಗಿತ್ತು. ಯಾವಾಗಲೂ ಹಾಗೆಯೇ ಇರುತ್ತಿತ್ತು.

ಮರುದಿನ ಹತ್ತು ಗಂಟೆಗೆ ಶಿರುಮುಗೈಯಿಂದ ಒಬ್ಬ ಕೈಮಗ್ಗದ ನೇಕಾರರು ಮೆಟ್ಟುಪಾಳಯಂ ದಾರಿಯ ಬಸ್ಸು ಹಿಡಿದು ಕಚೇರಿಗೆ ಬಂದರು. ತಮ್ಮೂರಿನಲ್ಲಿ ಪತ್ರಿಕೆ ಸಿಗಲಿಲ್ಲವೆಂದು ಇಲ್ಲಿಗೇ ಬಂದು ಮೂರು ಪ್ರತಿಗಳನ್ನು ಕೊಂಡು, ಕಟ್ಟೆಯ ಮೇಲೆ ಒಂದನ್ನು ಹರಡಿ, ಬೆರಳಿಟ್ಟು ಒಂದೊಂದೇ ಸಾಲು ಓದತೊಡಗಿದರು. ಆ ತೋರುಬೆರಳಿನ ತುದಿಯಲ್ಲಿ ಜರಿಯ ಎಳೆ ಕೊಯ್ದ ಸಣ್ಣ ಸಣ್ಣ ಗೆರೆಗಳಿದ್ದುದು ಇಂದಿಗೂ ನನ್ನ ಕಣ್ಣಿಗೆ ಕಟ್ಟಿದಂತಿದೆ. ಪಟ್ಟಿ ಮುಗಿಯಿತು. ಬೆರಳು ಮತ್ತೆ ಮೇಲಿನಿಂದ ಆರಂಭಿಸಿತು. ನನ್ನ ಮಾತಿನ ಧಾಟಿಯಿಂದ ನಾನೂ ಕನ್ನಡದವನೆಂದು ತಿಳಿದು, ದನಿ ತಗ್ಗಿಸಿ, “ಮಗು ಹೆಸರು ಕಾಣಲಿಲ್ಲವಲ್ಲ, ಅಣ್ಣಾ” ಎಂದರು. ಆಕೆ ಎತ್ತರ ಜಿಗಿತದಲ್ಲಿ ದ್ವಿತೀಯ ಸ್ಥಾನ ಪಡೆದಿದ್ದಳು. ನಾಳೆ ಹಾಕಿಸುತ್ತೇನೆಂದು ಮಾತು ಕೊಟ್ಟೆ. ನಾಳೆಯ ಪುಟಕ್ಕೆ ನಾಳೆಯ ಸುದ್ದಿಯೇ ತುಂಬಿತ್ತು. ನಾಡಿದ್ದಿಗೆ ಅದು ಹಳಸಿದ ಸುದ್ದಿಯೆಂದು ಮೇಲಿನವರು ತೆಗೆದುಹಾಕಿದರು. ಕೊಂಡ ಮೂರು ಪ್ರತಿಗಳನ್ನು ಅವರು ಹಿಂದಿರುಗಿಸಲೂ ಇಲ್ಲ, ಒಂದು ಕಠಿಣವಾದ ಮಾತನ್ನು ಆಡಲೂ ಇಲ್ಲ. ಆ ಹುಡುಗಿಯ ಹೆಸರು ಎಂದೆಂದಿಗೂ ಅಚ್ಚಾಗಲಿಲ್ಲ, ಮತ್ತು ಕತ್ತರಿ ಹಿಡಿದಿದ್ದ ಕೈ ನನ್ನದಾಗಿತ್ತು.

ಅಂದಿನಿಂದ ನಾನು ಪುಟದ ಲೆಕ್ಕವನ್ನು ಬೇರೆ ರೀತಿಯಲ್ಲಿ ಹಾಕತೊಡಗಿದೆ. ಓದುಗರೂ ಒಮ್ಮೆ ಅದನ್ನು ನನ್ನೊಡನೆ ಹಾಕಿ ನೋಡಬೇಕೆಂದು ಕೋರುತ್ತೇನೆ. ಸಾಮಾನ್ಯವಾದ ದೊಡ್ಡ ಹಾಳೆಯ ದಿನಪತ್ರಿಕೆಯ ಒಂದು ಪುಟದಲ್ಲಿ ಎಂಟು ಕಾಲಂಗಳು, ಒಂದೊಂದರ ಉದ್ದ 52 ಸೆಂಟಿಮೀಟರು. ಅಂದರೆ ಪುಟವೊಂದಕ್ಕೆ 416 ಕಾಲಂ ಸೆಂಟಿಮೀಟರು. ಶಾಲಾ ಅಥ್ಲೆಟಿಕ್ ಕೂಟದಲ್ಲಿ 14, 17 ಮತ್ತು 19 ವರ್ಷದೊಳಗಿನವರೆಂದು ಮೂರು ವಯೋವರ್ಗಗಳು, ಬಾಲಕ ಬಾಲಕಿಯರೆಂದು ಎರಡೆರಡು ವಿಭಾಗಗಳು, ಒಟ್ಟು ಆರು. ಒಂದೊಂದಕ್ಕೂ ಹತ್ತು ಸ್ಪರ್ಧೆಗಳೆಂದರೆ ಅರವತ್ತು. ಮೊದಲ ಮೂರು ಸ್ಥಾನಗಳೆಂದರೆ ನೂರ ಎಂಬತ್ತು ಹೆಸರು. ಅರವತ್ತು ಸ್ಪರ್ಧೆಗಳ ತಲೆಬರಹಕ್ಕೆ ಅರವತ್ತು ಸಾಲು, ಹೆಸರಿಗೊಂದರಂತೆ ನೂರ ಎಂಬತ್ತು ಸಾಲು, ಕೂಡಿ ಇನ್ನೂರ ನಲವತ್ತು. ನಮ್ಮ ಲಿಪಿಗೆ ಒತ್ತಕ್ಷರಗಳಿರುವುದರಿಂದ ಸಾಲುಗಳ ನಡುವೆ ಸ್ವಲ್ಪ ಉಸಿರು ಬೇಕು. ಏಳು ಪಾಯಿಂಟಿನ ಸಣ್ಣಕ್ಷರದಲ್ಲಿ, ಸಾಲಿಗೆ 2.8 ಮಿಲಿಮೀಟರಿನಂತೆ ಹಿಡಿದರೂ, ಒಂದು ಜಿಲ್ಲೆಯ ಇಡೀ ಕ್ರೀಡಾಕೂಟದ ಸಂಪೂರ್ಣ ಫಲಿತಾಂಶ 67 ಕಾಲಂ ಸೆಂಟಿಮೀಟರಿನಲ್ಲಿ ಮುಗಿಯುತ್ತದೆ. ಐದು ಕಾಲಂ ಅಗಲ, 14 ಸೆಂಟಿಮೀಟರು ಎತ್ತರದ ಒಂದೇ ಒಂದು ಛಾಯಾಚಿತ್ರ 70 ಕಾಲಂ ಸೆಂಟಿಮೀಟರನ್ನು ಆಕ್ರಮಿಸುತ್ತದೆ. ಜಗತ್ತಿನ ಎಲ್ಲ ಪತ್ರಿಕೆಗಳೂ ಅದೇ ದಿನ ಅಚ್ಚುಹಾಕಿದ, ದೂರದರ್ಶನದಲ್ಲಿ ಹಿಂದಿನ ರಾತ್ರಿಯೇ ಎಲ್ಲರೂ ಕಂಡಿರುವ, ಯಾವನೋ ಪ್ರಖ್ಯಾತ ಬ್ಯಾಟುಗಾರನ ಚಿತ್ರವನ್ನು ನಮ್ಮ ಜಿಲ್ಲಾ ಪತ್ರಿಕೆ ಒಂದು ದಿನ ಒಂದಿಷ್ಟು ಕಿರಿದುಮಾಡಿದರೆ ನೂರ ಎಂಬತ್ತು ಮನೆಗಳಿಗೆ ಹಬ್ಬವಾಗುತ್ತದೆ. ಅಮೆರಿಕದ ಪತ್ರಿಕೆಗಳಲ್ಲಿ ಆಟದ ಅಂಕಿ ಅಂಶಗಳಿಗೆಂದೇ ‘ಅಗೇಟ್’ ಎಂದು ಕರೆಯುವ ಐದೂವರೆ ಪಾಯಿಂಟಿನ ಅಕ್ಷರವಿದೆ. ಅಲ್ಲಿನ ಸಣ್ಣ ಪಟ್ಟಣಗಳ ಪತ್ರಿಕೆಗಳು ಶಾಲಾ ಪಂದ್ಯಗಳ ವಿವರವನ್ನು ಅದರಲ್ಲಿ ತುಂಬಿಡುವುದನ್ನು ತಮ್ಮ ಕರ್ತವ್ಯದ ಭಾಗವೆಂದೇ ತಿಳಿದುಬಂದಿವೆ. ಸಣ್ಣ ಅಕ್ಷರ ಅಗೌರವದ ಚಿಹ್ನೆಯಲ್ಲ. ಯಾರನ್ನೂ ಬಿಡಬಾರದೆಂಬ ಸಂಕಲ್ಪದ ಚಿಹ್ನೆ ಅದು.

ಹಾಗಾದರೆ ಇಂದು ಆ ಸ್ಥಳ ಹೋಗುವುದೆಲ್ಲಿಗೆ? ಯಾವ ಜಿಲ್ಲೆಯ ಯಾವ ಪತ್ರಿಕೆಯನ್ನಾದರೂ ಬಿಡಿಸಿ ನೋಡಬಹುದು, ತಮಿಳಾಗಲಿ ಕನ್ನಡವಾಗಲಿ ವ್ಯತ್ಯಾಸ ಅಲ್ಪ. ಕ್ರೀಡಾಕೂಟದ ವರದಿಯೆಂದರೆ ಉದ್ಘಾಟನೆಯ ವರದಿ. ದೀಪ ಬೆಳಗಿಸಿದವರು ಯಾರು, ಧ್ವಜಾರೋಹಣ ಮಾಡಿದವರು ಯಾರು, ಪಾರಿವಾಳ ಹಾರಿಬಿಟ್ಟವರು ಯಾರು, ಅಧ್ಯಕ್ಷತೆ ವಹಿಸಿದವರು ಯಾರು, ವೇದಿಕೆಯಲ್ಲಿ ಉಪಸ್ಥಿತರಿದ್ದವರು ಯಾರಾರು ಎಂಬುದೆಲ್ಲ ಹುದ್ದೆ ಸಮೇತವಾಗಿ ಬರುತ್ತದೆ. ಸೋಲು ಗೆಲುವುಗಳನ್ನು ಸಮಭಾವದಿಂದ ಸ್ವೀಕರಿಸಬೇಕೆಂಬ ಹಿತವಚನವೂ ಬರುತ್ತದೆ. ಸೋತವರಾರು, ಗೆದ್ದವರಾರು ಎಂಬುದು ಮಾತ್ರ ಬರುವುದಿಲ್ಲ. ಚಿತ್ರದಲ್ಲಿ ಗಣ್ಯರ ನಡುವೆ ಕಪ್ಪು ಹಿಡಿದು ನಿಂತ ಹುಡುಗನ ಅರ್ಧ ಮುಖ ಕಾಣುತ್ತದೆ, ಅಡಿಬರಹದಲ್ಲಿ ಗಣ್ಯರೆಲ್ಲರ ಹೆಸರಿದ್ದು ಅವನ ಹೆಸರಿರುವುದಿಲ್ಲ. ಆ ಗಣ್ಯರನ್ನು ಹಳಿಯುವುದು ನನ್ನ ಉದ್ದೇಶವಲ್ಲ. ಮೈದಾನಕ್ಕೆ ನೀರು ಕೊಡಿಸಿದವರು, ಮಕ್ಕಳ ಊಟದ ವೆಚ್ಚ ವಹಿಸಿದವರು, ಬನಿಯನ್ ಹೊಲಿಸಿಕೊಟ್ಟ ತಿರುಪ್ಪೂರಿನ ಕಾರ್ಖಾನೆಯವರು ಅವರಲ್ಲಿರುತ್ತಾರೆ. ಅವರಿಗೊಂದು ಕೃತಜ್ಞತೆಯ ಸಾಲು ಸಲ್ಲತಕ್ಕದ್ದೇ. ಆದರೆ ಅದು ಪಟ್ಟಿಯ ಕೊನೆಯಲ್ಲಿ ಬರತಕ್ಕದ್ದು. ಕೆಳಗಿನಿಂದ ಕತ್ತರಿಸುವ ರೂಢಿ ಪತ್ರಿಕಾಲಯಗಳಲ್ಲಿ ಇರುವವರೆಗೂ, ಪಟ್ಟಿಯ ಕೊನೆಯಲ್ಲಿ ಯಾರಿರುತ್ತಾರೆಂಬುದೇ ನ್ಯಾಯಾನ್ಯಾಯಗಳ ನಿರ್ಣಯಸ್ಥಾನ. ಒಂದು ದಿನ ಬಾಲಕಿಯರ ಫಲಿತಾಂಶ ಮೊದಲು, ಮರುದಿನ ಬಾಲಕರದ್ದು ಮೊದಲು ಎಂಬಷ್ಟು ಸರಳವಾದ ನಿಯಮವಿದ್ದಿದ್ದರೂ ಶಿರುಮುಗೈಯ ಆ ತಂದೆಗೆ ಅರ್ಧದಷ್ಟು ಅವಕಾಶವಾದರೂ ಇರುತ್ತಿತ್ತು.

ಪತ್ರಿಕೆಯ ಸ್ಥಳನಿಯಮ ಮಕ್ಕಳ ಮನಸ್ಸನ್ನು ಎಷ್ಟು ಆಳವಾಗಿ ಮುಟ್ಟುತ್ತದೆಂಬುದಕ್ಕೆ ಸಚಿನ್ ತೆಂಡೂಲ್ಕರರು 2014ರಲ್ಲಿ ಪ್ರಕಟವಾದ ತಮ್ಮ ಆತ್ಮಕಥೆಯಲ್ಲಿ ಹೇಳಿಕೊಂಡಿರುವ ಪ್ರಸಂಗವೊಂದು ಸಾಕ್ಷಿಯಾಗಿದೆ. ಶಾಲಾ ತಂಡಕ್ಕೆ ಆಡತೊಡಗಿದ ಆರಂಭದ ದಿನಗಳಲ್ಲಿ ಒಂದು ಪಂದ್ಯದಲ್ಲಿ ಆತ ಗಳಿಸಿದ್ದು 24 ಓಟಗಳು. ಶಾಲಾ ಪಂದ್ಯಗಳಲ್ಲಿ 30 ಅಥವಾ ಅದಕ್ಕಿಂತ ಹೆಚ್ಚು ಓಟ ಮಾಡಿದವರ ಹೆಸರನ್ನಷ್ಟೇ ಮುಂಬಯಿಯ ಪತ್ರಿಕೆ ಪ್ರಕಟಿಸುವುದು ಅಂದಿನ ನಿಯಮ. ಅಂಕ ಬರೆಯುತ್ತಿದ್ದವನು, ಇತರೆ ಓಟಗಳಿಂದ ಆರನ್ನು ತೆಗೆದು ಹುಡುಗನ ಲೆಕ್ಕಕ್ಕೆ ಸೇರಿಸಿದರೆ ತಂಡದ ಒಟ್ಟು ಮೊತ್ತವೇನೂ ಬದಲಾಗುವುದಿಲ್ಲವೆಂದ, ಹುಡುಗ ಒಪ್ಪಿದ, ಮರುದಿನ ಹೆಸರು ಅಚ್ಚಾಯಿತು. ಗುರು ರಮಾಕಾಂತ ಆಚ್ರೇಕರರು ಅದನ್ನು ತಿಳಿದು ಕೋಪಗೊಂಡರು, ಹುಡುಗ ತಪ್ಪನ್ನು ಒಪ್ಪಿಕೊಂಡು ಮುಂದೆಂದೂ ಹಾಗೆ ಮಾಡಲಾರೆನೆಂದ. ಅದೇ ಹುಡುಗ 1988ರ ಫೆಬ್ರವರಿಯಲ್ಲಿ ಹ್ಯಾರಿಸ್ ಶೀಲ್ಡ್ ಪಂದ್ಯದಲ್ಲಿ ವಿನೋದ್ ಕಾಂಬ್ಳಿಯೊಡನೆ 664 ಓಟಗಳ ಜೊತೆಯಾಟವಾಡಿದಾಗ ಯಾವ ನಿಯಮದ ಹಂಗೂ ಇರಲಿಲ್ಲ. ಈ ಕಥೆಯನ್ನು ಸತ್ಯನಿಷ್ಠೆಯ ಪಾಠವೆಂದು ಹೇಳುವುದು ವಾಡಿಕೆ, ಅದು ನಿಜವೂ ಹೌದು. ಆದರೆ ಪುಟ ಕಟ್ಟಿದ ನನಗೆ ಅದರಲ್ಲಿ ಕಾಣುವುದು ಮತ್ತೊಂದು ಸಂಗತಿ. ಯಾವನೋ ಉಪಸಂಪಾದಕ ಒಂದು ಸಂಜೆ, ಸ್ಥಳ ಉಳಿಸುವ ಸಲುವಾಗಿ, ಮೂವತ್ತೆಂಬ ಗೆರೆಯನ್ನು ಎಳೆದಿದ್ದ. ಆ ಗೆರೆಯ ಈಚೆಗೆ ಇದ್ದ ಮಗುವಿನ ಕಣ್ಣಿಗೆ ಅದು ಇರುವಿಕೆಗೂ ಇಲ್ಲದಿರುವಿಕೆಗೂ ನಡುವಣ ಗೆರೆಯಂತೆ ಕಂಡಿತು. ನಾವು ಮೇಜಿನ ಮುಂದೆ ಕುಳಿತು ಎಳೆಯುವ ಗೆರೆಗಳ ತೂಕ ನಮಗೆ ತಿಳಿದಿರುವುದಿಲ್ಲ.

ಪರೀಕ್ಷೆಯ ಫಲಿತಾಂಶಗಳ ವಿಷಯದಲ್ಲಿ ಇಂತಹ ಗೆರೆಯೊಂದನ್ನು ತಮಿಳುನಾಡು ಸರ್ಕಾರ ಅಳಿಸಿಹಾಕಿತು. 2017ರ ಮೇ ತಿಂಗಳಿನಿಂದ ಹತ್ತನೆಯ ಮತ್ತು ಹನ್ನೆರಡನೆಯ ತರಗತಿಗಳಲ್ಲಿ ರಾಜ್ಯಕ್ಕೆ ಪ್ರಥಮ, ಜಿಲ್ಲೆಗೆ ಪ್ರಥಮ ಎಂಬ ಪಟ್ಟಿಗಳನ್ನು ಪ್ರಕಟಿಸುವುದನ್ನೇ ಅದು ಕೈಬಿಟ್ಟಿತು. ಒಂದಂಕದ ವ್ಯತ್ಯಾಸಕ್ಕೆ ಮಕ್ಕಳು ಮನನೊಂದು ಕುಗ್ಗಬಾರದೆಂಬುದು ಅದರ ಆಶಯ. ಅದಕ್ಕೆ ಹಿಂದೆ, ಬೇಸಗೆಯ ಆ ವಾರಗಳಲ್ಲಿ, ಖಾಸಗಿ ಶಾಲೆಗಳು ಕೊಂಡ ಪೂರ್ಣಪುಟದ ಜಾಹೀರಾತುಗಳಲ್ಲಿ ಮಕ್ಕಳ ಅಂಚೆಚೀಟಿಯಷ್ಟರ ಭಾವಚಿತ್ರಗಳು ಸಾಲುಸಾಲಾಗಿ ತುಂಬಿರುತ್ತಿದ್ದವು. ಆ ಅಭ್ಯಾಸದ ನೆರಳು ಆಟದ ಪುಟದ ಮೇಲೂ ಬಿದ್ದಿದೆಯೆಂಬುದನ್ನು ಸಂಕೋಚದಿಂದಲೇ ಹೇಳಬೇಕಾಗಿದೆ. ವರ್ಷಕ್ಕೆರಡು ಜಾಹೀರಾತು ಕೊಡುವ ಶಾಲೆಯ ಅಂತರತರಗತಿ ಚದುರಂಗ ಸ್ಪರ್ಧೆ ಮೂರು ಕಾಲಂ ಸುದ್ದಿಯಾಗುತ್ತದೆ. ನಗರಸಭೆಯ ಶಾಲೆಯ ಕಬಡ್ಡಿ ತಂಡ ಜಿಲ್ಲೆಯನ್ನು ಗೆದ್ದು ಬಂದರೆ ಒಂದು ಕಾಲಮಿನ ಅಡಿಯಲ್ಲಿ, ಫಿಲ್ಲರ್ ಆಗಿ, ಜಾಗ ಉಳಿದರೆ ಬರುತ್ತದೆ. ಜಾಹೀರಾತಿಲ್ಲದೆ ಪತ್ರಿಕೆ ಬದುಕಲಾರದು, ಅದನ್ನು ನಾನು ಸಂಬಳದ ದಿನಗಳಲ್ಲಿ ಚೆನ್ನಾಗಿ ಕಲಿತಿದ್ದೇನೆ. ಕಾಗದದ ಬೆಲೆ ಏರಿದಾಗ ಸಣ್ಣ ಪತ್ರಿಕೆ ಪುಟ ಇಳಿಸುತ್ತದೆ, ಇಳಿದ ಪುಟದಲ್ಲಿ ಮೊದಲು ಹೋಗುವುದು ಮಕ್ಕಳ ಆಟವೇ. ಅದಕ್ಕಾಗಿಯೇ ನನ್ನ ವಾದವೆಂದರೆ, ಆ ಸ್ಥಳ ಅಂದಂದಿನ ದಾಕ್ಷಿಣ್ಯಕ್ಕೆ ಬಿಟ್ಟದ್ದಾಗಿರದೆ ವಾರಕ್ಕೊಮ್ಮೆಯಾದರೂ ನಿಶ್ಚಿತವಾದದ್ದಾಗಿರಬೇಕು: ಇಂಥ ವಾರ, ಇಂಥ ಪುಟ, ಇಷ್ಟು ಕಾಲಂ ಎಂದು ವರ್ಷಾರಂಭದಲ್ಲಿಯೇ ಜಾಹೀರಾತು ವಿಭಾಗಕ್ಕೆ ತಿಳಿಸಿ, ಅದನ್ನು ಮಾರತಕ್ಕದ್ದಲ್ಲವೆಂದು ಗೆರೆ ಎಳೆದಿಡಬೇಕು. ಶಾಲಾ ಕ್ರೀಡಾಪುಟದ ಪಕ್ಕದಲ್ಲಿ ಜಾಹೀರಾತು ಕೊಡಲು ಸೈಕಲ್ ಅಂಗಡಿಯವರೂ, ಬೂಟಿನವರೂ, ಸಮವಸ್ತ್ರ ಹೊಲಿಯುವವರೂ ಮುಂದೆ ಬರುವುದು ಅಸಂಭವವೇನಲ್ಲ. ಒಮ್ಮೆಯಾದರೂ ಕೇಳಿ ನೋಡಿದವರು ಕಡಿಮೆ.

ಈ ಪತ್ರಿಕೆಯ ಕನ್ನಡ ಓದುಗರಿಗೆ ವಿಶೇಷವಾಗಿ ಹೇಳಬೇಕಾದ ಮಾತೊಂದಿದೆ. 1956ರ ನವೆಂಬರ್ 1ರಂದು ರಾಜ್ಯಗಳು ಪುನರ್ವಿಂಗಡಣೆಯಾಗುವವರೆಗೆ ಕೊಳ್ಳೇಗಾಲ ತಾಲ್ಲೂಕು ಕೊಯಮತ್ತೂರು ಜಿಲ್ಲೆಗೆ ಸೇರಿತ್ತು. ಅಂದು ಕೊಳ್ಳೇಗಾಲ ಮೈಸೂರು ರಾಜ್ಯಕ್ಕೆ ಬಂದಿತು, ತಾಳವಾಡಿ ಮದರಾಸು ರಾಜ್ಯದಲ್ಲಿಯೇ ಉಳಿಯಿತು. 1979ರಲ್ಲಿ ಈರೋಡು ಪ್ರತ್ಯೇಕ ಜಿಲ್ಲೆಯಾದಾಗ ತಾಳವಾಡಿ ಅದರೊಳಗೆ ಸೇರಿತು. ತಾಳವಾಡಿಯ ಕಡೆ ಇಂದಿಗೂ ಕನ್ನಡವೇ ಜನರ ಮಾತು, ಕನ್ನಡ ಮಾಧ್ಯಮದಲ್ಲಿ ಓದುವ ಮಕ್ಕಳೂ ಇದ್ದಾರೆ. ಆ ಮಕ್ಕಳು ದಿಂಬಂ ಘಾಟಿಯ ಇಪ್ಪತ್ತೇಳು ತಿರುವುಗಳನ್ನು ಇಳಿದು ಬಯಲಿನ ಮೈದಾನಗಳಿಗೆ ಆಡಲು ಬರುತ್ತಾರೆ. ಅವರಲ್ಲೊಬ್ಬ ಗೆದ್ದನೆಂದುಕೊಳ್ಳೋಣ. ಬಯಲಿನ ತಮಿಳು ಪತ್ರಿಕೆಗೆ ತಾಳವಾಡಿ ಬೆಟ್ಟದ ಮೇಲಿನ ದೂರದ ಊರು; ಚಾಮರಾಜನಗರದ ಕನ್ನಡ ಪತ್ರಿಕೆಗೆ ಅದು ಅನ್ಯರಾಜ್ಯ. ಎರಡು ಭಾಷೆಗಳ, ಎರಡು ರಾಜ್ಯಗಳ ಜಿಲ್ಲಾ ಪುಟಗಳ ನಡುವಣ ಬಿರುಕಿನಲ್ಲಿ ಆ ಹೆಸರು ಜಾರಿಬೀಳುವುದನ್ನು ನಾನು ಒಂದೆರಡು ಬಾರಿಯಲ್ಲ, ವರ್ಷವರ್ಷವೂ ಗಮನಿಸಿದ್ದೇನೆ. ಗಡಿಯಾಚೆಯ ಕನ್ನಡಿಗರ ಬಗ್ಗೆ ನವೆಂಬರ್ ತಿಂಗಳಲ್ಲಿ ಪುಟಗಟ್ಟಲೆ ಬರೆಯುವ ಕನ್ನಡ ಪತ್ರಿಕೆಗಳು ಆ ಮಕ್ಕಳ ಶಾಟ್‌ಪುಟ್ ಫಲಿತಾಂಶಕ್ಕೆ ಜುಲೈ, ಆಗಸ್ಟ್ ತಿಂಗಳಲ್ಲಿ ನಾಲ್ಕು ಸಾಲು ಕೊಡುವುದು ಹೆಚ್ಚು ಆತ್ಮೀಯವಾದ ಸಂಬಂಧವಾದೀತು ಎಂದು ನನಗೆ ತೋರುತ್ತದೆ.

ಸಾಧ್ಯವೇ ಇಲ್ಲದ್ದನ್ನು ನಾನು ಕೇಳುತ್ತಿಲ್ಲ. ಕರ್ನಾಟಕದಲ್ಲಿಯೇ ಕೊಡಗಿನ ಉದಾಹರಣೆ ಕಣ್ಣೆದುರಿಗಿದೆ. 1997ರಲ್ಲಿ ಕರಡ ಗ್ರಾಮದಲ್ಲಿ ಪಾಂಡಂಡ ಕುಟ್ಟಪ್ಪನವರು ಆರಂಭಿಸಿದ ಕೊಡವ ಕುಟುಂಬಗಳ ಹಾಕಿ ಹಬ್ಬ ಇಂದು ನೂರಾರು ತಂಡಗಳ ಕೂಟವಾಗಿ ಬೆಳೆದಿದೆ; ಆ ದಿನಗಳಲ್ಲಿ ಮಡಿಕೇರಿಯ ‘ಶಕ್ತಿ’ಯಂತಹ ಜಿಲ್ಲಾ ದಿನಪತ್ರಿಕೆಯನ್ನು ತೆರೆದರೆ ಕುಟುಂಬಕುಟುಂಬದ ಹೆಸರಿನಡಿ ಫಲಿತಾಂಶ, ಗೋಲು ಹೊಡೆದವರ ಹೆಸರು ಕಾಣಸಿಗುತ್ತವೆ. ಶಾಲೆಯ ಆಟವಲ್ಲದಿದ್ದರೂ ತತ್ತ್ವ ಒಂದೇ: ಓದುಗನ ಮನೆಯ ಹೆಸರು ಪುಟದಲ್ಲಿದ್ದರೆ ಆ ಪುಟವೇ ಮೊದಲು ತೆರೆಯಲ್ಪಡುತ್ತದೆ. ಇನ್ನೂ ದೂರ ಹೋಗುವುದಾದರೆ ಜಪಾನಿದೆ. ಅಲ್ಲಿನ ‘ಅಸಾಹಿ’ ಪತ್ರಿಕೆ 1915ರಲ್ಲಿ ಹೈಸ್ಕೂಲು ಹಂತದ ಬೇಸ್‌ಬಾಲ್ ಪಂದ್ಯಾವಳಿಯನ್ನು ತಾನೇ ಆರಂಭಿಸಿತು. 1924ರಿಂದ ಅದು ಕೋಶಿಯೆನ್ ಮೈದಾನದಲ್ಲಿ ನಡೆಯುತ್ತಿದೆ. 47 ಪ್ರಾಂತಗಳಿಂದ 49 ತಂಡಗಳು ಬೇಸಗೆಯ ಆ ಕೂಟಕ್ಕೆ ಆಯ್ಕೆಯಾಗಿ ಬರುತ್ತವೆ. ಆಯ್ಕೆಗೆ ಮುಂಚೆ ಸಾವಿರಾರು ಶಾಲೆಗಳು ತಮ್ಮ ತಮ್ಮ ಪ್ರಾಂತಗಳಲ್ಲಿ ಆಡುವ ಪಂದ್ಯಗಳು ಪತ್ರಿಕೆಯ ಪ್ರಾಂತೀಯ ಪುಟಗಳಲ್ಲಿ ದಾಖಲಾಗುತ್ತವೆ. ಒಂದು ಪತ್ರಿಕೆ ಶಾಲಾ ಮಕ್ಕಳ ಆಟಕ್ಕೆ ಸ್ಥಳ ಕೊಟ್ಟರೆ ಅದಕ್ಕೆ ನಷ್ಟವಾಗುತ್ತದೆಂದು ಹೇಳುವವರು ಆ ಶತಮಾನದ ಅನುಭವವನ್ನು ಒಮ್ಮೆ ಅವಲೋಕಿಸಬೇಕು.

ಆಕ್ಷೇಪಣೆಗಳು ನನಗೆ ತಿಳಿಯದವಲ್ಲ. ಸಣ್ಣ ಪತ್ರಿಕೆಗೆ ಕ್ರೀಡಾ ವರದಿಗಾರನೇ ಇರುವುದಿಲ್ಲ. ಪೊಲೀಸ್ ಠಾಣೆ, ಕೋರ್ಟು, ನಗರಸಭೆಗಳನ್ನು ಸುತ್ತುವ ಅರೆಕಾಲಿಕ ವರದಿಗಾರನೇ ಮೈದಾನಕ್ಕೂ ಹೋಗಬೇಕು. ಅವನಿಗೆ ಉದ್ಘಾಟನೆಯ ಹೊತ್ತು ನಿಶ್ಚಿತ, ಅಂತಿಮ ಪಂದ್ಯದ ಹೊತ್ತು ಅನಿಶ್ಚಿತ, ಆದ್ದರಿಂದ ಬೆಳಗ್ಗೆ ಹೋಗಿ ಚಿತ್ರ ತೆಗೆದು ಭಾಷಣ ಬರೆದು ಹಿಂದಿರುಗುತ್ತಾನೆ. ಉದ್ಘಾಟನೆಯೇ ವರದಿಯಾಗುವುದರ ನಿಜವಾದ ಕಾರಣ ದುರುದ್ದೇಶಕ್ಕಿಂತ ಹೆಚ್ಚಾಗಿ ಈ ಗಡಿಯಾರವೇ. ಆದರೆ ಪರಿಹಾರವೂ ಅಲ್ಲಿಯೇ ಇದೆ. ಮೈದಾನದಲ್ಲಿ ಬೆಳಗಿನಿಂದ ಸಂಜೆಯ ಪರ್ಯಂತ ಇರುವವರು ದೈಹಿಕ ಶಿಕ್ಷಕರು, ನಾವೆಲ್ಲ ಪೀಟಿ ಮೇಷ್ಟ್ರು ಎಂದು ಕರೆಯುವವರು. ತಮಿಳಿನಲ್ಲಿ ಕುರುಮೈಯಂ ಎನ್ನುವ, ಕರ್ನಾಟಕದ ಹೋಬಳಿ ಮಟ್ಟವನ್ನು ಹೋಲುವ ಕೂಟದಿಂದ ಹಿಡಿದು ಕಂದಾಯ ಜಿಲ್ಲೆಯ ಕೂಟದವರೆಗೆ, ಭಾರತಿಯಾರ್ ದಿನದ ಪಂದ್ಯಗಳಿರಲಿ ಗಣರಾಜ್ಯ ದಿನದ ಪಂದ್ಯಗಳಿರಲಿ, ಒಂದೊಂದು ಫಲಿತಾಂಶವನ್ನೂ ಅವರು ಬರೆದಿಡುತ್ತಾರೆ. ಅವರಿಗೆ ಒಂದು ನಿಶ್ಚಿತ ನಮೂನೆಯನ್ನು ಕೊಟ್ಟು, ಇಂಥ ಗಂಟೆಯೊಳಗೆ ಕಳುಹಿಸಿದರೆ ಖಂಡಿತ ಅಚ್ಚಾಗುತ್ತದೆಂಬ ಭರವಸೆ ಕೊಟ್ಟರೆ, ಅವರಷ್ಟು ನಿಷ್ಠೆಯ ವರದಿಗಾರರು ಬೇರೆ ದೊರೆಯಲಾರರು.

ಎಲ್ಲ ಶಾಲೆಗಳೂ ಇಂದು ತಮ್ಮ ಗೆಲುವನ್ನು ಮೊಬೈಲಿನಲ್ಲಿಯೇ ಪ್ರಚಾರ ಮಾಡಿಕೊಳ್ಳುತ್ತವೆ, ಪತ್ರಿಕೆ ಏಕೆ ಬೇಕು ಎಂದು ಕೇಳುವವರಿದ್ದಾರೆ. ಶಾಲೆಯೊಂದು ಹೇಳುವುದು ತನ್ನ ಗೆಲುವನ್ನು ಮಾತ್ರ. ಪತ್ರಿಕೆಯ ಪಟ್ಟಿಯಲ್ಲಿಯಾದರೋ ಶುಲ್ಕ ಹೆಚ್ಚಿರುವ ಶಾಲೆಯ ಹುಡುಗನೂ ಸರ್ಕಾರಿ ಶಾಲೆಯ ಹುಡುಗನೂ ಒಂದರ ಕೆಳಗೊಂದು, ಸಮಾನವಾದ ಅಕ್ಷರದಲ್ಲಿ ನಿಲ್ಲುತ್ತಾರೆ, ಮೈದಾನದಲ್ಲಿ ಸುಣ್ಣದ ಗೆರೆಯ ಹಿಂದೆ ನಿಂತಂತೆಯೇ. ಹಾಗೆ ಸರಿಸಮನಾಗಿ ನಿಲ್ಲುವ ಸ್ಥಳ ಸಮಾಜದಲ್ಲಿ ಇನ್ನೆಷ್ಟಿವೆ?

ಇದರ ಜೊತೆಗೆ, ಕೊಡಬಾರದ ಸ್ಥಳವೂ ಒಂದಿದೆ. ಹದಿನೈದರ ಹುಡುಗಿ ಕೊನೆಯ ಕ್ಷಣದಲ್ಲಿ ಚೆಂಡು ಬಿಟ್ಟಳೆಂದು, ರಿಲೇಯಲ್ಲಿ ಕೋಲು ಕೆಳಗೆ ಬೀಳಿಸಿದಳೆಂದು, ಅವಳ ಹೆಸರು ಹಿಡಿದು ಬರೆಯತಕ್ಕದ್ದಲ್ಲ. ವೃತ್ತಿ ಆಟಗಾರರನ್ನು ವಿಮರ್ಶಿಸುವ ಭಾಷೆಯನ್ನು ಮಕ್ಕಳ ಮೇಲೆ ಪ್ರಯೋಗಿಸುವುದು ಇತ್ತೀಚೆಗೆ ಅಲ್ಲಲ್ಲಿ ಕಾಣುತ್ತಿದೆ. ಅದು ತೀರ ಅನುಚಿತ. ಅಂಕಿ, ಸ್ಥಾನ, ಹೆಸರು, ಶಾಲೆ ಇಷ್ಟೇ ಸಾಕು. ವಿಶೇಷ ಗದ್ಯವೇನಾದರೂ ಉಳಿದಿದ್ದರೆ ಅದು ಮೈದಾನದ ಸ್ಥಿತಿಯ ಬಗ್ಗೆ, ಕುಡಿಯುವ ನೀರಿನ ಬಗ್ಗೆ, ಹೆಣ್ಣುಮಕ್ಕಳಿಗೆ ಬಟ್ಟೆ ಬದಲಾಯಿಸಲು ಕೊಠಡಿ ಇತ್ತೇ ಇಲ್ಲವೇ ಎಂಬುದರ ಬಗ್ಗೆ ವೆಚ್ಚವಾಗಲಿ.

2018ರ ಆಗಸ್ಟಿನಲ್ಲಿ ಜಕಾರ್ತದ ಏಷ್ಯನ್ ಕ್ರೀಡೆಗಳಲ್ಲಿ ತಿರುಪ್ಪೂರು ಜಿಲ್ಲೆಯ ಧರುಣ್ ಅಯ್ಯಸಾಮಿ 400 ಮೀಟರ್ ಹರ್ಡಲ್ಸ್ ಓಟವನ್ನು 48.96 ಸೆಕೆಂಡುಗಳಲ್ಲಿ ಮುಗಿಸಿ, ರಾಷ್ಟ್ರೀಯ ದಾಖಲೆಯೊಡನೆ ಬೆಳ್ಳಿಯ ಪದಕ ಗೆದ್ದರು. ಅಂದು ಯಾವ ಪತ್ರಿಕೆಗೂ ಸ್ಥಳದ ಕೊರತೆ ಬಾಧಿಸಲಿಲ್ಲ. ಬಾಧಿಸತಕ್ಕದ್ದೂ ಅಲ್ಲ, ಆ ಹಿಗ್ಗು ನಮ್ಮೆಲ್ಲರದು. ಆದರೆ ನನ್ನ ಮನಸ್ಸು ಹೋದದ್ದು ಇಂಥ ಓಟಗಾರರು ಶಾಲಾ ದಿನಗಳಲ್ಲಿ ಓಡಿದ ಓಟಗಳ ಕಡೆಗೆ, ಪಕ್ಕದ ಪಥಗಳಲ್ಲಿ ಓಡಿದ ಐದಾರು ಹುಡುಗರ ಕಡೆಗೆ. ಅವರು ಇಂದು ಬನಿಯನ್ ಕಾರ್ಖಾನೆಯಲ್ಲೋ, ಲೇತ್ ಯಂತ್ರದ ಮುಂದೋ, ತೋಟದಲ್ಲೋ ಇದ್ದಾರೆ. ಮುಂದೆ ಯಾರು ಜಕಾರ್ತಕ್ಕೆ ಹೋಗುತ್ತಾರೆಂಬುದು ಆ ದಿನ ಯಾರಿಗೂ ತಿಳಿದಿರುವುದಿಲ್ಲ, ಪತ್ರಿಕೆಗೂ ತಿಳಿದಿರುವುದಿಲ್ಲ. ಆದ್ದರಿಂದಲೇ ಎಲ್ಲರನ್ನೂ ಬರೆಯಬೇಕು. ಹೋಗದವರ ಓಟವೂ ಓಟವೇ, ಮತ್ತು ಅದು ನಡೆದದ್ದು ನಮ್ಮ ಊರಿನಲ್ಲಿ.

ಆಡಿ ತಿಂಗಳ ಗಾಳಿ ಪಾಲಘಾಟಿನ ಕಣಿವೆಯಿಂದ ಈ ಬಯಲಿಗೆ ನುಗ್ಗತೊಡಗಿದಾಗ ಇಲ್ಲಿನ ಮೈದಾನಗಳಲ್ಲಿ ಕುರುಮೈಯದ ಪಂದ್ಯಗಳು ಆರಂಭವಾಗುತ್ತವೆ. ಕಳೆದ ವರ್ಷ ಅಂತಹದೊಂದು ಮಧ್ಯಾಹ್ನ ಬೇವಿನ ಮರದಡಿ ನಿಂತು ನೋಡುತ್ತಿದ್ದೆ. ಮೇಷ್ಟ್ರೊಬ್ಬರು ತಗಡಿನ ಮೇಜಿನ ಮೇಲೆ ಹಾಳೆ ಹರಡಿ, ಅದು ಹಾರದಂತೆ ನಾಲ್ಕು ಮೂಲೆಗೂ ಕಲ್ಲಿಟ್ಟು, ಓಟ ಮುಗಿಸಿ ಏದುಸಿರು ಬಿಡುತ್ತ ಬಂದ ಒಬ್ಬೊಬ್ಬ ಹುಡುಗಿಯನ್ನೂ ಹೆಸರು ಕೇಳಿ, ಇನಿಷಿಯಲ್ ಕೇಳಿ, ಶಾಲೆ ಕೇಳಿ ಬರೆದುಕೊಳ್ಳುತ್ತಿದ್ದರು. ಒಬ್ಬಳು ತನ್ನ ಹೆಸರಿನ ಅಕ್ಷರವೊಂದು ತಪ್ಪಾಗಿದೆಯೆಂದು ಬಗ್ಗಿ ನೋಡಿ ತೋರಿಸಿದಳು. ಅವರು ಹೊಡೆದುಹಾಕಿ, ತಿದ್ದಿ, ಪಕ್ಕದಲ್ಲಿ ಸಹಿ ಮಾಡಿದರು. ಸಂಜೆಗೆ ಆ ಹಾಳೆಗಳು ಶಿಕ್ಷಣ ಇಲಾಖೆಯ ಕಡತಕ್ಕೆ ಹೋದವು. ಅದರ ಇನ್ನೊಂದು ಪ್ರತಿ ಪತ್ರಿಕಾಲಯಕ್ಕೆ ಹೋಗಲು ಹಿಂದಿನ ಕಾಲದಲ್ಲಿ ಒಂದು ಸೈಕಲ್ಲು ಬೇಕಾಗುತ್ತಿತ್ತು. ಈಗ ಅದೂ ಬೇಡ, ಮೇಷ್ಟ್ರ ಜೇಬಿನಲ್ಲಿರುವ ಫೋನಿನಿಂದ ಒಂದು ಚಿತ್ರ ತೆಗೆದು ಕಳುಹಿಸಿದರೆ ಸಾಕು.